ಪುಟ್ಟಿ ಮೆತ್ತಿದ ಬಾಗಿಲು

ಅಲೆಕ್ಸಾಂಡ್ರಿಯಾದ ಕಡಲ ದಂಡೆಯಲ್ಲಿ, ಬೆಳಗಿನ ತಿಂಡಿಗೆ ಫೂಲ್ ಎಂಬ ಬೇಯಿಸಿದ ಕಾಳು ಮಾರುವ ಗಾಡಿಯ ಮುಂದೆ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಅರವತ್ತರ ಆಸುಪಾಸಿನ ಅಕ್ಕ, ತಮ್ಮ. ಅಕ್ಕನ ಮೊಣಕೈವರೆಗೂ ತುಕ್ಕಿನ ಪುಡಿ.

"ಲುತ್ಫಿ, ಅಪ್ಪನ ಕಾರು ಗುಜರಿಗೆ ಹೋಗಲ್ಲ!"

"ಜಲೀಲಕ್ಕಾ, ಅದರೊಳಗೆ ಕೂತ್ರೆ ಕಾಲಡಿ ರಸ್ತೆ ಕಾಣ್ಸುತ್ತೆ."

"ಹೂಂ, ಸ್ಕ್ರೂಡ್ರೈವರಲ್ಲಿ ಚುಚ್ಚಿದೆ. ತಳ ಬಿಸ್ಕತ್ತಿನ ಥರ ಪುಡಿಪುಡಿ."

"ಅದಕ್ಕೆ ಹಿಂಗೆ ಕುಣೀತಿದ್ದೀಯಾ?"

"ಪೂರ್ತಿ ಕೇಳೋ ಕತ್ತೆ. ಭಾರ ಹೊರೋ ತೊಲೆಗಳನ್ನ ಸುತ್ತಿಗೇಲಿ ತಟ್ಟಿದೆ. ಎಲ್ಲಾ ಠಣ್ ಅಂದ್ವು! ಕೊಳೆತ ತಳ ಕತ್ತರಿಸಿ ಹೊಸ ತಗಡು ಬೆಸೆದ್ರೆ ಮುಗೀತು."

"ಬಾಗಿಲು?"

"ಮೂರು ಗಟ್ಟಿ. ಎಡಗಡೆ ಹಿಂದಿನದಕ್ಕೆ ಮ್ಯಾಗ್ನೆಟ್ ಇಟ್ಟೆ, ಜಾರಿ ಬಿತ್ತು. ಬಣ್ಣದಡಿ ತಗಡೇ ಇಲ್ಲ, ತೂತು ಮುಚ್ಚೋಕೆ ಮೆತ್ತೋ ಪುಟ್ಟಿ ಅಷ್ಟೇ."

ಲುತ್ಫಿ ಕತ್ತು ತುರಿಸಿಕೊಂಡ.

"ಅದು ನಾನೇ ಮೆತ್ತಿದ್ದು. ಹದಿನೇಳನೇ ವಯಸ್ಸಲ್ಲಿ ಗೋಡೆಗೆ ಗುದ್ದಿದ್ದೆ. ಅಪ್ಪನಿಗೆ ಗೊತ್ತೇ ಆಗ್ಲಿಲ್ಲ."

"ಗೊತ್ತಿತ್ತು ಕಣೋ! ಸಾಯೋವರೆಗೂ ಆ ಬಾಗಿಲನ್ನ ಜೋರಾಗಿ ಹಾಕೋಕೆ ಯಾರಿಗೂ ಬಿಡ್ಲಿಲ್ಲ. ಪುಟ್ಟಿ ಉದುರಿದ್ರೆ ನನ್ನ ಮಗ ಸಿಕ್ಕಿಬೀಳ್ತಾನೆ ಅಂತಿದ್ರು."

ಲುತ್ಫಿ ಬಾಯಿ ತೆರೆದು ನಿಂತ. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಬಾರೇ," ಎಂದ ಅವನು ಕಣ್ಣೊರೆಸಿಕೊಳ್ಳುತ್ತಾ. "ಆ ಪುಟ್ಟೀನ ನಾನೇ ಕೆರೀತೀನಿ."

ಗಾಡಿಯವನು ಅವರ ಬಟ್ಟಲು ಮುಂದೆ ಚಾಚಿದಾಗ ಅವರು ಆಗಲೇ ರಸ್ತೆ ದಾಟಿದ್ದರು.