ನೋಟಿನ ಮೇಲಿನ ದೇವರು

...ಇಲ್ಲ ಹಾರ್ಲನ್, ಕ್ಯಾಂಟೀನ್ ಹುಡುಗಿ ಕಾಫಿ ಕೊಡಲ್ಲ ಅನ್ನಲಿಲ್ಲ. ಈ ಡಾಲರ್ ನೋಟು ಮುಟ್ಟಲ್ಲ ಅಂದಳು. ನೋಡು, ಏನಾಗಿದೆ ಇದಕ್ಕೆ? 'ದೇವರಲ್ಲಿ ನಮ್ಮ ನಂಬಿಕೆ' ಅಂತ ಅಚ್ಚಾಗಿರೋ ಸಾಲಿನ ಮೇಲೆ ನನ್ನ ನೇರಳೆ ಪೆನ್ನಿಂದ ಒಂದು ಗೆರೆ, ಅಷ್ಟೆ. ತಿರುಗಿಸಿದರೆ ವಾಷಿಂಗ್ಟನ್ ತುಟಿ ಬಿಗಿದು ಹಾಗೇ ಕೂತಿದ್ದಾನೆ. ಅವನಿಗಿಲ್ಲದ ನೋವು ಇವಳಿಗೆ.

ಯಾಕೆ ಹಾಗೆ ನೋಡ್ತೀಯ? ಕೂದಲು ಕೆದರಿದೆಯಾ? ಈಗಷ್ಟೇ ಟೋಪಿ ತೆಗೆದೆ, ಮಾರಾಯ. ಈ ಕೋರ್ಟು ಕಟ್ಟಡದಲ್ಲಿ ಹೀಟರ್ ಹಾಕಿದರೆ ಬ್ರೆಡ್ಡು ಬೇಯುತ್ತೆ.

ಇನ್ನೇನು ವಿಚಾರಣೆಗೆ ಒಳಗೆ ಕರೀತಾರೆ. ಸರ್ಕಾರದ ಕೆಲಸದಲ್ಲಿ ದೇವರು ಬೇಡ ಅನ್ನೋ ನಮ್ಮ ಸಂಘದಲ್ಲಿ ಅಷ್ಟು ಜನ ಓದಿದವರಿರುವಾಗ ಈ ಮುದುಕಿಯನ್ನೇ ಮೊದಲು ಮಾತಿಗೆ ನಿಲ್ಲಿಸಿದ್ದೀಯ. ಹೆದರಬೇಡ, ಮಾತು ಸಿದ್ಧ ಇದೆ. ನಮ್ಮ ಪೊಲೀಸರ ಮುಖ್ಯಸ್ಥ, ಆ ಶೆರಿಫ್, ಏನಂತಾನೆ? ನೋಟಿನ ಮೇಲಿರೋ ಸಾಲು ಪೊಲೀಸ್ ಕಾರಿನ ಮೇಲೂ ಬಂದರೆ ಯಾರಪ್ಪನ ಗಂಟು ಹೋಗುತ್ತೆ ಅಂತ. ನಾನಂತೀನಿ, ಸ್ವಾಮಿ, ನಾನು ತೊಟ್ಟಿಲಲ್ಲಿದ್ದಾಗ ನೋಟಿನ ಮೇಲೂ ಈ ಸಾಲು ಇರಲಿಲ್ಲ. ದೇಶ ಮುಳುಗಿತ್ತಾ? ರಷ್ಯದ ಮೇಲಿನ ಸಿಟ್ಟಿಗೆ ದೇವರನ್ನ ಎಳೆದು ತಂದು ಅಚ್ಚಿಗೆ ಹಾಕಿದರು. ಈಗ ಅದೇ ನೋಟು ಕೊಟ್ಟು ಬಿಯರ್ ಕುಡೀತಾರೆ, ಲಾಟರಿ ಚೀಟಿ ಕೊಳ್ತಾರೆ, ಬೆತ್ತಲೆ ಕುಣಿಯೋಳ ಸೊಂಟಕ್ಕೆ ಸಿಗಿಸ್ತಾರೆ. ದೇವರು ಹೋಗದ ಜಾಗ ಇಲ್ಲ ಅನ್ನೋದು ನಿಜವೇ ಆಯ್ತು.

ಅಯ್ಯೋ, ನಗೋದಿಲ್ವಾ? ಹೋದ ವಾರ ಇದೇ ಮಾತಿಗೆ ನೀನು ಹೊಟ್ಟೆ ಹಿಡ್ಕೊಂಡು ನಕ್ಕಿದ್ದೆ.

ಸರಿ, ಗಂಭೀರವಾಗಿಯೇ ಕೇಳ್ತೀನಿ. ನಮ್ಮ ಔಷಧಿ ಅಂಗಡಿಯ ಇದ್ರೀಸ್ ಬೇರೆ ಥರ ಪ್ರಾರ್ಥನೆ ಮಾಡೋನು. ನಿನಗೆ ದೇವರೇ ಇಲ್ಲ. ನಿಮ್ಮನ್ನ ರಸ್ತೆ ಬದಿಗೆ ನಿಲ್ಲಿಸಿ ಲೈಸೆನ್ಸ್ ಕೇಳೋ ಕಾರು, ತಾನು ಯಾರ ಕಡೆಯದು ಅಂತ ಮೊದಲೇ ಬರೆದುಕೊಂಡು ಬರಬೇಕಾ? ಆಮೇಲೆ ಅಲ್ಲಿ ನ್ಯಾಯ ಕೇಳೋದು ಹೇಗೆ?

ನಾನಾ? ನನಗೆ ಆ ಪಾದ್ರಿಗಳ ಸಹವಾಸವೇ ಬೇಡ. ಚರ್ಚಿನ ಬಾಗಿಲು ತುಳಿದು ಯಾವ ಕಾಲವಾಯ್ತೋ. ಒಳಗೂ ಇದನ್ನೇ ಹೇಳ್ತೀನಿ...

ಮತ್ತೆ ಹಣೆ ನೋಡ್ತಿದ್ದೀಯ. ಪೆನ್ನಿನ ಮಸಿ ಮೆತ್ತಿದೆಯಾ? ಬಾಯಿ ಬಿಟ್ಟು ಹೇಳಬಾರದಾ? ಕರವಸ್ತ್ರ ಯಾಕೆ... ಫೋನ್ ಯಾಕೆ ಮುಖಕ್ಕೆ ಹಿಡೀತೀಯ, ಇದೇನು ಕನ್ನಡಿಯಾ...

ಓ.

ಇವತ್ತು ಬೂದಿ ಬುಧವಾರ, ಚರ್ಚಿನಲ್ಲಿ ಹಣೆಗೆ ಬೂದಿ ಹಚ್ಚೋ ದಿನ.

ಹೂಂ, ಹೋಗಿದ್ದೆ. ಗುರುತಿನವರು ಯಾರೂ ಇರಲ್ಲ ಅಂತ ಪಕ್ಕದೂರಿನ ಚರ್ಚಿಗೆ ಬೆಳಗ್ಗೆಯೇ ಕಾರು ಓಡಿಸಿಕೊಂಡು ಹೋದೆ. ಪಾದ್ರಿ ಹೆಬ್ಬೆರಳಲ್ಲಿ ಬೂದಿ ಅದ್ದಿ ಹಣೆಗೆ ಶಿಲುಬೆ ಎಳೆದ. ಮೇಲೆ ಟೋಪಿ ಹಾಕ್ಕೊಂಡೆ. ಒರೆಸಿಕೊಳ್ಳೋಣ ಅಂದ್ಕೊಂಡವಳು ಮರೆತೇಬಿಟ್ಟೆ.

ಅಕ್ಕನಿಗೆ ಹುಷಾರಿಲ್ಲ, ಅವಳಿಗೋಸ್ಕರ ಅಂತ ಹೇಳಬಹುದು. ಹೇಳಲ್ಲ. ನನಗೋಸ್ಕರ ಹೋಗಿದ್ದು. ಪ್ರತಿ ವರ್ಷ ಹೋಗ್ತೀನಿ.

ಬೈಯೋದಿದ್ದರೆ ಬೈದುಬಿಡು, ಹಾರ್ಲನ್.

ಬೇಡ, ಆ ಕರವಸ್ತ್ರ ಜೇಬಿಗೆ ಹಾಕು. ಇದು ನಾನಾಗಿ ಹೋಗಿ, ನಾನಾಗಿ ತಲೆ ಬಗ್ಗಿಸಿ ಹಚ್ಚಿಸಿಕೊಂಡದ್ದು. ಸಾಕು ಅನಿಸಿದಾಗ ನೀರು ಹಾಕಿ ತೊಳ್ಕೋತೀನಿ. ಈ ಬೂದಿಯನ್ನ ನಾನು ನಿನ್ನ ಹಣೆಗೆ ಹಚ್ಚೋಕೆ ಬಂದಿದ್ದೀನಾ, ಯಾವತ್ತಾದರೂ? ನನ್ನ ದೇವರ ಜೊತೆ ನನಗೆ ಸಾವಿರ ಜಗಳ ಇದೆ. ಅದರ ಮಧ್ಯೆ ಶೆರಿಫ್ ಯಾಕೆ ಸೈರನ್ ಹಾಕ್ಕೊಂಡು ಬರಬೇಕು?

ಕೇಳಿಸ್ತಾ? ಮಿಸೆಸ್ ಕ್ವಿಗ್ಲಿ ಅಂತ ನನ್ನ ಹೆಸರು ಕೂಗ್ತಿದ್ದಾರೆ. ಬೇರೆ ಯಾರನ್ನಾದರೂ ಕಳಿಸೋದಿದ್ದರೆ ಈಗಲೇ ಹೇಳು...

ನಾನೇ ಹೋಗಬೇಕಾ? ಸರಿ. ಇಗೋ, ಈ ಟೋಪಿ ನಿನ್ನ ಹತ್ತಿರ ಇರಲಿ.