ಸೇತುವೆಯ ಮೇಲೆ ಶೆನ್ ಆಯಿ

…ಈ ಡೈರಿಯಲ್ಲೇ ಇದೆ ನೋಡು, ನನ್ನದೇ ಕೈಬರಹ. ೧೯೯೫, ಅಕ್ಟೋಬರ್ ೧೭, ಮಂಗಳವಾರ. ನಾವು ಹಾಲೆಂಡಿನಿಂದ ಇದೇ ಸುಝೌ ಊರಿಗೆ ಬಂದ ಆರನೇ ವಾರ. ಅದಕ್ಕೇ ಹೇಳ್ತಿರೋದು ಫೆಮ್ಕೆ, ನಿನ್ನ ಮಗುವನ್ನ ಆ ಕೆಲಸದವಳ ಜೊತೆ ಕೆಳಗೆ ಕಳಿಸಬೇಡ. ನೀನು ಇಲ್ಲಿಗೆ ಬಂದು ಹತ್ತು ದಿನ ಆಗಿಲ್ಲ, ಆಗಲೇ ಆಯಿ ಅಂತ ಇವರು ಕರೆಯೋ ಒಬ್ಬ ಮನೆಕೆಲಸದವಳನ್ನ ನಂಬಿಬಿಟ್ಟಿದ್ದೀಯ… ಯಾಕೆ ನಗ್ತೀಯ? ನಿನಗೆ ನೆನಪಿಲ್ಲ ಕಣೇ. ಆಗ ನಿನಗೆ ನಾಲ್ಕು ವರ್ಷ.

ಭಯ ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು ಈ ಊರಲ್ಲಿ. ಬೆಳಗಾದರೆ ಓಣಿಯಲ್ಲಿ ಹೆಂಗಸರು ಸಾಲಾಗಿ ಕೂತು ಶೌಚದ ಮರದ ಕೊಡ ಉಜ್ಜೋ ಸದ್ದು. ಬಸ್ಸಿಗೆ ನಿಂತರೆ ಸುತ್ತ ಇಪ್ಪತ್ತು ಜನ, ಎಲ್ಲರ ಕೈಯೂ ನಿನ್ನ ಹಳದಿ ಕೂದಲ ಮೇಲೆ. ಒಬ್ಬಳಂತೂ ಫೋಟೋ ತೆಗೆಸಿಕೊಳ್ಳೋಕೆ ನಿನ್ನನ್ನ ಎತ್ತಿಕೊಂಡು ಹತ್ತು ಹೆಜ್ಜೆ ಹೋಗಿಬಿಟ್ಟಳು. ಹತ್ತೇ ಹೆಜ್ಜೆ. ಎಣಿಸಿ ಬರೆದಿಟ್ಟಿದ್ದೀನಿ. ನಿಮ್ಮಪ್ಪ ಏನಂದರು ಗೊತ್ತಾ? "ಯೂನಿವರ್ಸಿಟಿಯಲ್ಲಿ ಓದಿದವಳು ನೀನು, ಚೀನೀ ಭಾಷೆ ಕಲಿ, ಭಯ ತಾನಾಗೇ ಹೋಗುತ್ತೆ." ಕಲಿತೆ. ಪುಸ್ತಕ ಇಟ್ಟುಕೊಂಡು ಒಂದೇ ತಿಂಗಳಲ್ಲಿ ಕಲಿತೆ. ನಿಮ್ಮಪ್ಪನ ಕಾರ್ಖಾನೆಗೆ ನಮ್ಮ ಹಾಗೇ ಬಂದಿದ್ದವರ ಹೆಂಡತಿಯರೆಲ್ಲ ಒಂದು ಸೌತೆಕಾಯಿ ಕೊಳ್ಳೋಕೂ ದುಭಾಷಿಯ ಬಾಲ ಹಿಡಿಯೋರು. ನಾನು ಹಿಡಿಯಲಿಲ್ಲ.

ಆಮೇಲೆ ಆ ಕೋಳಿ. ಮಾರುಕಟ್ಟೆ ಸೇತುವೆ ಹತ್ತಿರ, ನಿನ್ನ ಕಣ್ಣೆದುರೇ ಕತ್ತು ಕೊಯ್ದರು. ಅವತ್ತಿನಿಂದ ನೀನು ನಿದ್ದೆಯಲ್ಲಿ ಕಿರುಚೋಕೆ ಶುರು ಮಾಡಿದೆ. ಐದು ರಾತ್ರಿ. ಡಾಕ್ಟರು ಕೊಟ್ಟ ಔಷಧಿ ನಾಟಲಿಲ್ಲ. ನಮ್ಮ ಮನೆಕೆಲಸಕ್ಕೆ ಶೆನ್ ಆಯಿ ಅಂತ ಒಬ್ಬಳು ಬರ್ತಿದ್ದಳು, ದೂರದ ಹಳ್ಳಿಯವಳು. ನಿನ್ನ ಮುಖ ನೋಡಿ ನೋಡಿ ಲೊಚಗುಟ್ಟೋಳು.

ಆ ಮಂಗಳವಾರ ಸಂಜೆ ಐದಕ್ಕೆ ನಾನು ಹೋಟೆಲಿನಲ್ಲಿ ಆ ಕಾರ್ಖಾನೆಯವರ ಹೆಂಡತಿಯರ ಜೊತೆ ಟೀ ಕುಡಿದು ಬಂದೆ. ಮನೆ ಖಾಲಿ. ನೀನಿಲ್ಲ, ಅವಳಿಲ್ಲ. ಗೂಟದಲ್ಲಿದ್ದ ನಿನ್ನ ಕೆಂಪು ಅಂಗಿಯೂ ಇಲ್ಲ… ಬೇಡ, ನೀರು ಬೇಡ, ಕೇಳು. ಮೆಟ್ಟಿಲಿಳಿದು ಗೇಟಿಗೆ ಓಡಿದೆ ಕಣೇ. ಗೇಟಿನವನು ಪೊಲೀಸರಿಗೆ ಫೋನ್ ಮಾಡಿದ. ನಿಮ್ಮಪ್ಪ ದುಭಾಷಿಯನ್ನ ಕರ್ಕೊಂಡು ಓಡಿ ಬಂದರು. ಅರ್ಧ ಗಂಟೆ… ಆ ಅರ್ಧ ಗಂಟೆಯಲ್ಲಿ ನಿನ್ನನ್ನ ಕಾಲುವೆಯ ನೀರಲ್ಲಿ ಎಷ್ಟು ಸಲ ನೋಡಿದೆನೋ.

ಸಿಕ್ಕಿದ್ದು ಅದೇ ಸೇತುವೆ ಮೇಲೆ. ಅವಳ ಬೆನ್ನ ಮೇಲಿದ್ದೆ ನೀನು. ಅವಳು ನಿನ್ನ ಅಂಗಿ ಬೀಸುತ್ತಾ, ಹೆಸರು ಹಿಡಿದು ಕೂಗ್ತಿದ್ದಳು, "ಫೆಮ್ಕೇ, ಮನೆಗೆ ಬಾ." ನೀನು ಅವಳ ಭಾಷೆಯಲ್ಲೇ "ಬಂದೆ, ಬಂದೆ" ಅಂತಿದ್ದೆ. ಮಗು ಎಲ್ಲಿ ಹೆದರುತ್ತೋ ಅದರ ಜೀವ ಅಲ್ಲೇ ಉಳಿದುಬಿಡುತ್ತಂತೆ. ಹೋಗಿ ಕರ್ಕೊಂಡು ಬರಬೇಕಂತೆ. ದುಭಾಷಿ ಹೇಳಿದ.

ಚೆನ್ನಾಗಿದೆ ಅಂತೀಯಾ? ಏನು ಚೆನ್ನಾಗಿದೆ ಅದರಲ್ಲಿ? ಹೆತ್ತವಳನ್ನ ಒಂದು ಮಾತು ಕೇಳದೆ ಮಗುವನ್ನ ಕರ್ಕೊಂಡು ಹೋಗಬಹುದಾ? ಪೊಲೀಸರು ಕೇಳಿದರು, ನಿಮ್ಮ ಒಪ್ಪಿಗೆ ಇತ್ತಾ ಅಂತ. ಇಲ್ಲ ಅಂದೆ. ಅವಳು ನನ್ನ ಕಡೆ ಬೆರಳು ಮಾಡಿ, ತನ್ನ ತಲೆ ಆಡಿಸಿ ಆಡಿಸಿ ತೋರಿಸ್ತಿದ್ದಳು, ಹುಚ್ಚಿ ಥರ…

ಡೈರಿ ಯಾಕೆ ಎಳ್ಕೊಳ್ತೀಯ? ಕೊಡು, ನಾನೇ ಓದ್ತೀನಲ್ಲ. ಸಂಜೆಯದು ಕೆಳಗಿದೆ. ಮೇಲಿನದು ಬೆಳಗಿನ ವಿಷಯ, ಅದೇನಿಲ್ಲ… ಫೆಮ್ಕೆ. ಕೊಡಮ್ಮ.

ಓದಿದೆಯಾ.

ಬೈದುಬಿಡು ಬೇಕಾದರೆ. ಹಾಗೆ ನೋಡಬೇಡ, ನನಗೆ ಭಯ ಆಗುತ್ತೆ.

…ಹೌದು. ಬೆಳಗ್ಗೆ ಒಂಬತ್ತೂವರೆಗೆ ಅವಳು ಆ ಅಂಗಿ ಹಿಡ್ಕೊಂಡು ನನ್ನ ಹತ್ತಿರ ಬಂದಳು. ನಿನ್ನನ್ನ ತೋರಿಸಿದಳು, ಕಿಟಕಿಯಾಚೆ ಸೇತುವೆಯ ದಿಕ್ಕಿಗೆ ಕೈ ತೋರಿಸಿದಳು, ಉದ್ದಕ್ಕೆ ಏನೋ ಕೇಳಿದಳು. ಒಂದು ಪದವೂ ತಿಳಿಯಲಿಲ್ಲ ನನಗೆ. ತಲೆ ಆಡಿಸಿ "ಹಾವೊ, ಹಾವೊ" ಅಂದೆ, ಆಗಲಿ ಆಗಲಿ ಅಂತ. ಎಲ್ಲರಿಗೂ ಹಾಗೇ ಅಂತಿದ್ದೆ, ತರಕಾರಿಯವಳಿಗೂ, ಗ್ಯಾಸ್ ತರೋನಿಗೂ. ಭಾಷೆ ಬರುತ್ತೆ ಅಂತ ಊರೆಲ್ಲ ಹೇಳ್ಕೊಂಡು ಬಂದಿದ್ದೆನಲ್ಲ. ಸೇತುವೆ ಮೇಲೆ ಅವಳು ತಲೆ ಆಡಿಸಿ ತೋರಿಸಿದಾಗ ನನಗೆ ನೆನಪಾಯ್ತು. ನಿಮ್ಮಪ್ಪ ಪಕ್ಕದಲ್ಲೇ ನಿಂತಿದ್ದರು. ಪೊಲೀಸರು ಎರಡನೇ ಸಲ ಕೇಳಿದರು. ಆಗಲೂ ಇಲ್ಲ ಅಂದೆ.

ನೀನು ಆ ರಾತ್ರಿ ಎಚ್ಚರವೇ ಆಗದೆ ಮಲಗಿದೆ. ಮುಂದೆ ಒಂದು ದಿನವೂ ಕಿರುಚಲಿಲ್ಲ.

ಅವಳನ್ನ ಎರಡು ದಿನ ಠಾಣೆಯಲ್ಲಿ ಇಟ್ಟುಕೊಂಡರು. ಈ ಊರಲ್ಲಿ ಇರೋಕೆ ಕೊಟ್ಟಿದ್ದ ಪರವಾನಗಿ ಕಿತ್ತುಕೊಂಡರು. ನಮ್ಮ ಮನೆಯ ಕೆಲಸ ಹೋಯ್ತು, ಪಕ್ಕದ ಎರಡು ಮನೆಯದೂ ಹೋಯ್ತು. ಅವಳ ಮಗಳು ಇಲ್ಲೇ ಶಾಲೆಗೆ ಹೋಗ್ತಿದ್ದಳು, ಬಿಡಿಸಿ ಹಳ್ಳಿಗೆ ಕರ್ಕೊಂಡು ಹೋದಳು. ಗೇಟಿನವನು ಒಂದೊಂದಾಗಿ ಹೇಳಿದ, ನಾನು ಒಂದೊಂದಾಗಿ ಬರ್ಕೊಂಡೆ. ಆ ಹುಡುಗಿ ಮತ್ತೆ ಶಾಲೆ ಮೆಟ್ಟಿಲು ಹತ್ತಲಿಲ್ಲ. ಮರುವರ್ಷ ನೂಲಿನ ಗಿರಣಿಗೆ ಸೇರಿದಳು. ಹದಿಮೂರು ವರ್ಷ ಅವಳಿಗೆ.