ಕಾವಲು ಕೋಡಿನಿಂದ ಅಳಿಸಿದ ಸಾಲಿನ ಬಗ್ಗೆ

ನನ್ನ ಹೆಸರು ಯಮುನಾ ಕೋಂ ಮುನಿರಾಜ್, 39 ವರ್ಷ, ಖಾಸಗಿ ಕಂಪನಿಯಲ್ಲಿ ಪ್ರೋಗ್ರಾಮರ್, ವಾಸ ಮರ್ಫಿ ಟೌನ್, ಹಲಸೂರು, ಬೆಂಗಳೂರು. ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಕಂಪನಿಯ ವ್ಯಾನುಗಳು ಡಯಾಲಿಸಿಸ್ ರೋಗಿಗಳನ್ನು ಮನೆಯಿಂದ ಆಸ್ಪತ್ರೆಗೆ ಕರೆದೊಯ್ಯುತ್ತವೆ. ಯಾವ ವ್ಯಾನ್ ಯಾವಾಗ ಎಲ್ಲಿಗೆ ಎಂದು ಗೊತ್ತುಪಡಿಸುವ ಸರ್ವರ್‌ನ ಜಾವಾಸ್ಕ್ರಿಪ್ಟ್ ಕೋಡನ್ನು 2015ರಲ್ಲಿ ನಾನೂ ನನ್ನ ಸಹೋದ್ಯೋಗಿ ಲತೀಫ್ ಅವರೂ ಬರೆದೆವು. ಆಗ ಕಚೇರಿ ಎಂದರೆ ಕಮ್ಮನಹಳ್ಳಿ ಮುಖ್ಯರಸ್ತೆಯಲ್ಲಿ ಬೇಕರಿಯ ಮೇಲಿನ ಒಂದು ಕೋಣೆ. ಸಂಜೆ ಬನ್ ಬೇಯುವ ವಾಸನೆ ಬಂದರೆ ನಾಲ್ಕಾಯಿತೆಂದು ತಿಳಿಯುತ್ತಿತ್ತು.

ಯಾವ ಫಂಕ್ಷನ್, ಅಂದರೆ ಕೋಡಿನಲ್ಲಿ ಒಂದೊಂದು ಕೆಲಸ ಮಾಡುವ ತುಣುಕು, ತಡವಾಗುತ್ತಿದೆ ಎಂದು ತಿಳಿಯಲು ಲತೀಫ್ ಒಂದು ಕಾವಲು ಕೋಡ್ ಬರೆದರು. ನಮ್ಮ ಕೆಲಸದಲ್ಲಿ ಇದಕ್ಕೆ ಆಸ್ಪೆಕ್ಟ್ ಎನ್ನುತ್ತಾರೆ. ಇದು ಫಂಕ್ಷನ್‌ನ ಒಳಗೆ ಏನನ್ನೂ ತಿದ್ದುವುದಿಲ್ಲ. ಹೊರಗಿನಿಂದ ಸುತ್ತುವರಿದು, ಅದು ಶುರುವಾದದ್ದನ್ನೂ ಮುಗಿದದ್ದನ್ನೂ ಬರೆದಿಡುತ್ತದೆ. ಮೊದಲ ದಿನ ಪರದೆಯ ಮೇಲೆ ಒಂದೊಂದಾಗಿ ಬಂದ ಫಂಕ್ಷನ್‌ಗಳ ಹೆಸರುಗಳನ್ನು ಲತೀಫ್ ದಂಡು ರೈಲು ನಿಲ್ದಾಣದ ಘೋಷಣೆಯಂತೆ ಓದಿದರು. ಅಷ್ಟು ನಕ್ಕದ್ದು ನನಗೆ ಮತ್ತೆ ನೆನಪಿಲ್ಲ.

ಹಾಗೆ ಬರೆದಿಡುವ ಫಂಕ್ಷನ್ ಒಂದನ್ನು ಮಾತ್ರ ಅವರು ಕಾವಲಿನಿಂದ ಹೊರಗಿಟ್ಟರು. ಕಾರಣ ಕೇಳಿದಾಗ, "ಕಾವಲುಗಾರನ್ನ ಕಾಯೋಕೆ ಇನ್ನೊಬ್ಬ, ಅವನ್ನ ಕಾಯೋಕೆ ಮತ್ತೊಬ್ಬ. ಬೀದಿ ತುಂಬ ಕಾವಲುಗಾರರೇ ಆಗ್ಬಿಡ್ತಾರೆ ಗುರು, ಮನೆಯೋರು ಎಲ್ಲಿ ಓಡಾಡ್ಬೇಕು?" ಎಂದರು. ಹಾಗೆ ಹೊರಗಿಡಲು ಅವರು ಬರೆದದ್ದು ಒಂದೇ ಸಾಲು.

ಕಳೆದ ತಿಂಗಳು ಲತೀಫ್ ಕೆಲಸ ಬಿಟ್ಟರು. ಅಂದೇ ಸರ್ವರ್‌ಗೆ ಅವರ ಪ್ರವೇಶ ರದ್ದಾಯಿತು. ಈ ಸೋಮವಾರ ಸಂಜೆ ತಾಂತ್ರಿಕ ಮುಖ್ಯಸ್ಥೆ ಪ್ರಿಯದರ್ಶಿನಿ ಅವರು ನನ್ನ ಪಕ್ಕದಲ್ಲೇ ಕುಳಿತು ಕೋಡ್ ನೋಡಿದರು. ಯಾವ ಫಂಕ್ಷನ್ನೂ ಕಾವಲು ತಪ್ಪಬಾರದೆಂದು ಆ ಸಾಲನ್ನು ಅಳಿಸಿದರು. ಅದು ಬೇಕೆಂದು ನಾನು ಹೇಳಿದೆ. ಹಳಬರಿಗೆ ಹಳೆಯದರ ಮೇಲೆ ಮಮತೆ ಜಾಸ್ತಿ ಎಂದು ಅವರು ನಕ್ಕರು.

ಮಂಗಳವಾರ ಬೆಳಗ್ಗೆ 6ಕ್ಕೆ ಸರ್ವರ್ ಮತ್ತೆ ಶುರುವಾದಾಗ, ಬರೆದಿಡುವ ಫಂಕ್ಷನ್ ತನ್ನನ್ನೇ ಮತ್ತೆ ಮತ್ತೆ ಬರೆದಿಡಲು ಹೋಗಿ, ಅದು ಮುಗಿಯದೆ, ಎಲ್ಲವೂ ನಿಂತಿತು. 7.40ರವರೆಗೆ ಒಂದು ವ್ಯಾನೂ ಹೊರಡಲಿಲ್ಲ. ಕೆ.ಆರ್. ಪುರದ ಅಕ್ಕಯಮ್ಮ ಎಂಬ ರೋಗಿ ಗೇಟಿನ ಬಳಿ ನಿಂತೇ ಫೋನ್ ಮಾಡಿ, "ಲತೀಫಪ್ಪ ಇಲ್ವೇನಮ್ಮಾ? ಅವ್ನಿದ್ದಿದ್ರೆ ಲೇಟು ಅಂತಾದ್ರೂ ಹೇಳೋನು" ಎಂದರು.

ಲತೀಫ್ ಹೋಗುವ ಮುನ್ನ ಕೋಡಿನಲ್ಲಿ ಕೇಡು ಬಚ್ಚಿಟ್ಟಿದ್ದರೆಂದು ಕಂಪನಿ ದೂರು ಕೊಟ್ಟಿದೆ. ಅದು ಸುಳ್ಳು. ಅವರು ಬಚ್ಚಿಟ್ಟದ್ದು ಏನೂ ಇಲ್ಲ. ಇಂದು ನಾನು ಬಂದಾಗ ಅವರನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿದ್ದರು. ನನ್ನನ್ನು ನೋಡಿ ಎದ್ದು, "ನಿನ್ನ ಕೆಲ್ಸ ಹೋಗತ್ತೆ, ಸುಮ್ನೆ ಮನೆಗ್ ಹೋಗು" ಎಂದರು. ನಾನು ಒಳಗೆ ಬಂದು, ನನ್ನ ಹೇಳಿಕೆ ಬರೆದುಕೊಳ್ಳಿ ಎಂದು ಕೇಳಿಕೊಂಡೆ. ನಾಳೆಯಿಂದ ಆ ಕಚೇರಿಯಲ್ಲಿ ನನಗೆ ಜಾಗವಿರುವುದಿಲ್ಲವೆಂದು ಗೊತ್ತಿದೆ. ಇದನ್ನೇ ನ್ಯಾಯಾಲಯದಲ್ಲಿಯೂ ಹೇಳುತ್ತೇನೆ.

ಬರೆದದ್ದನ್ನು ನಾನೇ ಓದಿ ನೋಡಿದ್ದೇನೆ. ನಾನು ಹೇಳಿದಂತೆಯೇ ಇದೆ, ಸತ್ಯವಾಗಿದೆ.

ಸ್ಥಳ: ಬೆಂಗಳೂರು
ದಿನಾಂಕ: 20-11-2025
ಸಹಿ: ಯಮುನಾ